ಕ್ಲೇರ್ ಮೆಕಾರ್ಡೆಲ್: ಉಟ್ಟವರು ಮರೆತ ಹೆಸರು

ನಾವು ಓದುವ ಚರಿತ್ರೆಯಲ್ಲಿ ಅರಸರಿದ್ದಾರೆ, ದಂಡಯಾತ್ರೆಗಳಿವೆ, ಒಪ್ಪಂದಗಳಿವೆ. ಆ ಅರಸರೂ ಅವರ ದಂಡಾಳುಗಳೂ ಬೆಳಗಾಗೆದ್ದು ಏನನ್ನು ತೊಟ್ಟು ಹೊರಟರೆಂಬ ವಿಚಾರ ಅಡಿಟಿಪ್ಪಣಿಗಿಂತ ಮೇಲಕ್ಕೆ ಬರುವುದು ಅಪರೂಪ. ಹೆಂಗಸರ ಉಡುಪಿನ ಮಾತಂತೂ ಇನ್ನೂ ದೂರ. ಅದು ಅಲಂಕಾರದ ವಿಷಯ, ಹೆಚ್ಚೆಂದರೆ ಅಂಗಡಿಯ ವಿಷಯ, ವಿದ್ವಾಂಸರು ಕೈಹಾಕುವಂಥದಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಒಂದು ಉಡುಪನ್ನು ತೊಟ್ಟವಳು ಅದರಲ್ಲಿ ಓಡಬಲ್ಲಳೆ, ಬಸ್ಸು ಹತ್ತಬಲ್ಲಳೆ, ಇನ್ನೊಬ್ಬರ ನೆರವಿಲ್ಲದೆ ಅದನ್ನು ಧರಿಸಬಲ್ಲಳೆ, ತನ್ನ ದುಡ್ಡನ್ನು ತಾನೇ ಇಟ್ಟುಕೊಳ್ಳಲು ಅದರಲ್ಲಿ ಜಾಗವಿದೆಯೆ ಎಂದು ಕೇಳತೊಡಗಿದರೆ, ಆ ಪ್ರಶ್ನೆಗಳು ನಮ್ಮನ್ನು ಸಮಾಜಚರಿತ್ರೆಯ ನಡುಮನೆಗೇ ಕರೆದೊಯ್ಯುತ್ತವೆ. ಇಂಥ ಪ್ರಶ್ನೆಗಳನ್ನು ಕತ್ತರಿ ಹಿಡಿದು ಕೇಳಿದವಳು, ಹೊಲಿಗೆಯಲ್ಲಿ ಉತ್ತರ ಹೇಳಿದವಳು ಅಮೆರಿಕದ ಕ್ಲೇರ್ ಮೆಕಾರ್ಡೆಲ್. ಆಕೆಯ ಹೆಸರು ನಮ್ಮಲ್ಲಿ ಬಹುಮಂದಿಗೆ ಅಪರಿಚಿತ. ಆಕೆ ರೂಢಿಗೆ ತಂದ ಉಡುಪಿನ ರೀತಿಗಳಾದರೋ ಇಂದು ಲೋಕದ ಯಾವ ದೊಡ್ಡ ಪಟ್ಟಣದ ಬೀದಿಯಲ್ಲಿ ನಿಂತರೂ ಕಣ್ಣಿಗೆ ಬೀಳುತ್ತವೆ. ಹೆಸರು ಹಿಂದುಳಿದು ಕೆಲಸ ಮುಂದೆ ನಡೆದದ್ದು ಹೇಗೆಂಬುದೇ ನನ್ನ ಇಂದಿನ ಮಾತಿನ ವಿಷಯ.

ಮೊದಲು ಒಂದು ಶಬ್ದದ ತೊಡಕನ್ನು ಬಿಡಿಸಿಕೊಳ್ಳಬೇಕು. ಮೆಕಾರ್ಡೆಲ್ ‘ಸ್ಪೋರ್ಟ್ಸ್‌ವೇರ್’ ವಿನ್ಯಾಸಕಿ. ಹಾಗೆಂದೊಡನೆ ನಮಗೆ ಓಟದ ಮೈದಾನವೋ ಕ್ರಿಕೆಟ್ಟಿನ ಬಿಳಿಯ ಶರಾಯಿಯೋ ನೆನಪಾಗುತ್ತದೆ. ಅಮೆರಿಕದಲ್ಲಿ ಈ ಶಬ್ದದ ಅರ್ಥ ಬೇರೊಂದು ದಾರಿ ಹಿಡಿಯಿತು. 1920ರ ದಶಕದಲ್ಲಿ ಟೆನಿಸ್, ಗಾಲ್ಫ್, ಈಜು ಮುಂತಾದವುಗಳಿಗಾಗಿ ಹೆಂಗಸರು ತೊಡುತ್ತಿದ್ದ ಸಡಿಲವಾದ, ಆಡಂಬರವಿಲ್ಲದ ಬಟ್ಟೆಗಳು ಮೆಲ್ಲನೆ ಮೈದಾನವನ್ನು ಬಿಟ್ಟು ಮನೆಗೆ, ಪೇಟೆಗೆ, ಕಚೇರಿಗೆ ಬಂದುವು. ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುವ, ನಿತ್ಯದ ಬದುಕಿಗೆ ಒದಗುವ ಇಂಥ ಉಡುಪುಗಳಿಗೆಲ್ಲ ಸ್ಪೋರ್ಟ್ಸ್‌ವೇರ್ ಎಂಬ ಹೆಸರು ನಿಂತಿತು. ಇದರ ಎದುರಿಗಿದ್ದದ್ದು ಪ್ಯಾರಿಸ್ಸಿನ ಸಂಪ್ರದಾಯ. ಅಲ್ಲಿ ಒಬ್ಬ ಶ್ರೀಮಂತ ಮಹಿಳೆಯ ಅಳತೆ ತೆಗೆದು, ಹಲವು ಸಲ ತೊಡಿಸಿ ನೋಡಿ, ಕೈಯಲ್ಲಿ ಹೊಲಿದು ಕೊಡುತ್ತಿದ್ದರು. ಒಂದು ಒಬ್ಬಳಿಗಾಗಿ, ಇನ್ನೊಂದು ಎಲ್ಲರಿಗಾಗಿ. ಮೆಕಾರ್ಡೆಲ್ಲಳ ಜೀವನ ಈ ಎರಡರ ನಡುವಣ ಪ್ರಯಾಣ.

ಆಕೆ ಹುಟ್ಟಿದ್ದು 1905ರ ಮೇ 24ರಂದು, ಮೇರಿಲ್ಯಾಂಡ್ ಸಂಸ್ಥಾನದ ಫ್ರೆಡರಿಕ್ ಎಂಬ ಊರಿನಲ್ಲಿ. ತಂದೆ ಬ್ಯಾಂಕಿನ ಅಧ್ಯಕ್ಷ, ಸಂಸ್ಥಾನದ ಸೆನೆಟ್ಟಿನ ಸದಸ್ಯ. ಕ್ಲೇರ್ ಹಿರಿಯ ಮಗಳು. ಆಕೆಯ ಬೆನ್ನಿಗೆ ಮೂವರು ತಮ್ಮಂದಿರು. ಹುಡುಗರೊಡನೆ ಕಾದಾಡುವ ಈ ಹುಡುಗಿಗೆ ‘ಕಿಕ್’ ಎಂಬ ಅಡ್ಡಹೆಸರಿತ್ತು. ತಾಯಿಯ ಫ್ಯಾಷನ್ ಪತ್ರಿಕೆಗಳಿಂದ ಚಿತ್ರಗಳನ್ನು ಕತ್ತರಿಸಿ ಕಾಗದದ ಬೊಂಬೆಗಳಿಗೆ ತೊಡಿಸುವುದು, ಒಬ್ಬಳ ತೋಳನ್ನು ಇನ್ನೊಬ್ಬಳ ಅಂಗಿಗೆ ಅಂಟಿಸಿ ನೋಡುವುದು ಬಾಲ್ಯದ ಆಟ. ಮನೆಗೆ ಬಂದು ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸಿನ ಬಳಿ ಕುಳಿತು ಹೊಲಿಗೆಯ ಒಳಗುಟ್ಟನ್ನು ಕಲಿತಳು. ನ್ಯೂಯಾರ್ಕಿಗೆ ಹೋಗಿ ಉಡುಪಿನ ವಿನ್ಯಾಸ ಓದುತ್ತೇನೆಂದಾಗ ತಂದೆ ಒಪ್ಪಲಿಲ್ಲ. ಊರಿನಲ್ಲೇ ಇದ್ದ ಹುಡ್ ಕಾಲೇಜಿನಲ್ಲಿ ಎರಡು ವರ್ಷ ಗೃಹವಿಜ್ಞಾನ ಓದಿದಳು. ಹಟ ಬಿಡದ ಮಗಳನ್ನು ತಂದೆ ಕೊನೆಗೆ ನ್ಯೂಯಾರ್ಕಿಗೆ ಕಳುಹಿದ. ಮುಂದೆ ಪಾರ್ಸನ್ಸ್ ಎಂದು ಹೆಸರಾದ ಕಲಾಶಾಲೆಯಲ್ಲಿ ಆಕೆಯ ವಿದ್ಯಾಭ್ಯಾಸ ನಡೆದು 1928ರಲ್ಲಿ ಮುಗಿಯಿತು.

ಈ ನಡುವೆ ಒಂದು ವರ್ಷವನ್ನು ಆಕೆ ಪ್ಯಾರಿಸ್ಸಿನಲ್ಲಿ ಕಳೆದಳು. ಆ ವರ್ಷದ ಒಂದು ಸಂಗತಿ ನನ್ನ ಮಟ್ಟಿಗೆ ಆಕೆಯ ಜೀವನದ ಕೀಲಿಕೈ. ಹೆಸರಾಂತ ಉಡುಪುಮನೆಗಳು ತಾವು ಬಳಸಿದ ಮಾದರಿ ಬಟ್ಟೆಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದುವು. ಮೆಕಾರ್ಡೆಲ್ಲಳೂ ಆಕೆಯ ಗೆಳತಿಯರೂ ಅವುಗಳನ್ನು ಕೊಂಡು ತರುವರು, ಹೊಲಿಗೆಯನ್ನೆಲ್ಲ ಬಿಚ್ಚುವರು, ತುಂಡುಗಳನ್ನು ನೆಲದ ಮೇಲೆ ಹರಡಿ ನೋಡುವರು, ಮತ್ತೆ ಹೊಲಿಯುವರು. ಮಾದ್ಲೆನ್ ವಿಯೋನೆ ಎಂಬ ಫ್ರೆಂಚ್ ವಿನ್ಯಾಸಕಿಯ ಉಡುಪುಗಳನ್ನು ಹೀಗೆ ಬಿಚ್ಚಿ ಆಕೆ ಕಲಿತದ್ದು ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ವಿದ್ಯೆ. ನೇಯ್ಗೆಯ ಎಳೆಗೆ ಓರೆಯಾಗಿ ಕತ್ತರಿಸಿದ ಬಟ್ಟೆ ತಾನಾಗಿ ಹಿಗ್ಗುತ್ತದೆ, ಮೈಯೊಡನೆ ಚಲಿಸುತ್ತದೆ. ಅದನ್ನು ಮೈಗೆ ಬಿಗಿಯಲು ಒಳಗಡೆ ಕಡ್ಡಿ, ದಾರ, ಪಟ್ಟಿಗಳ ಸೆರೆಮನೆ ಕಟ್ಟಬೇಕಾಗಿಲ್ಲ. ಪದ್ಯವೊಂದನ್ನು ಪದಪದವಾಗಿ ಬಿಡಿಸಿ, ಅನ್ವಯಿಸಿ, ಅದರ ಛಂದಸ್ಸಿನ ಲೆಕ್ಕ ಹಿಡಿದು ಮತ್ತೆ ಕೂಡಿಸಿ ಓದುವ ಅಭ್ಯಾಸ ನಮ್ಮ ಹಳೆಯ ವಿದ್ಯಾಕ್ರಮದಲ್ಲಿದೆಯಷ್ಟೆ. ಆಯುಷ್ಯವೆಲ್ಲ ಆ ಕೆಲಸದಲ್ಲಿ ಕಳೆದ ನನಗೆ ಈ ತರುಣಿಯ ಶಿಕ್ಷಣಕ್ರಮ ಬಹಳ ಪರಿಚಿತವಾದದ್ದಾಗಿ ಕಾಣುತ್ತದೆ.

ನ್ಯೂಯಾರ್ಕಿಗೆ ಮರಳಿದ ಮೇಲೆ ಕೆಲಸಕ್ಕೆ ಅಲೆದಾಟ. ದೀಪದ ಮುಸುಕುಗಳ ಮೇಲೆ ಗುಲಾಬಿ ಮೊಗ್ಗು ಬರೆಯುವ ಕೂಲಿಯೂ ಆಕೆಗೆ ದೊರೆತದ್ದುಂಟು. ಆಮೇಲೆ ರಾಬರ್ಟ್ ಟರ್ಕ್ ಎಂಬ ವಿನ್ಯಾಸಕನ ಸಹಾಯಕಿಯಾದಳು; ಅವನೊಡನೆಯೇ ಟೌನ್ಲಿ ಫ್ರಾಕ್ಸ್ ಎಂಬ ಕಾರ್ಖಾನೆಗೆ ಬಂದಳು. 1932ರಲ್ಲಿ ಟರ್ಕ್ ನೀರಿನಲ್ಲಿ ಮುಳುಗಿ ತೀರಿಕೊಂಡ. ಆ ಋತುವಿನ ಉಡುಪುಗಳು ಅರ್ಧಕ್ಕೆ ನಿಂತಿದ್ದುವು. ಅವನ್ನು ಪೂರೈಸುವ ಭಾರ ಇಪ್ಪತ್ತೇಳರ ಸಹಾಯಕಿಯ ಮೇಲೆ ಬಿತ್ತು. ಹೀಗೆ ಒಂದು ದುರ್ಮರಣದ ನೆರಳಿನಲ್ಲಿ ಆಕೆ ವಿನ್ಯಾಸಕಿಯಾದಳು.

ಆ ಕಾಲದಲ್ಲಿ ಅಮೆರಿಕದ ವಿನ್ಯಾಸಕರ ಕೆಲಸವೆಂದರೆ ಬಹುಮಟ್ಟಿಗೆ ನಕಲು ತೆಗೆಯುವುದೇ. ತಯಾರಕರು ಪ್ಯಾರಿಸ್ಸಿಗೆ ಜನರನ್ನು ಕಳುಹುವರು, ಅವರು ಅಲ್ಲಿನ ಹೊಸ ಉಡುಪುಗಳ ನಕ್ಷೆ ಮಾಡಿಕೊಂಡು ಬರುವರು, ಅದೇ ಬಟ್ಟೆ ಅಗ್ಗದ ರೂಪದಲ್ಲಿ ನ್ಯೂಯಾರ್ಕಿನ ಅಂಗಡಿಗಳಿಗೆ ಬರುವುದು. ಮೆಕಾರ್ಡೆಲ್ಲಳೂ ಈ ಕೆಲಸಕ್ಕಾಗಿ ಪ್ಯಾರಿಸ್ಸಿಗೆ ಹೋಗಿಬಂದವಳೇ. ಆದರೆ ಹಡಗು ರೈಲುಗಳ ಆ ಪ್ರಯಾಣಗಳಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಹೊತ್ತು ಬೇಸತ್ತವಳಿಗೆ ಬೇರೊಂದು ಯೋಚನೆ ಹೊಳೆಯಿತು. ಒಂದಕ್ಕೊಂದು ಹೊಂದುವ ಐದಾರು ಬಿಡಿ ಉಡುಪುಗಳಿದ್ದರೆ ಸಾಕು, ಅವುಗಳನ್ನೇ ಅದಲುಬದಲು ಮಾಡಿ ಹಗಲಿಗೂ ಸಂಜೆಗೂ ಬಳಸಬಹುದು. 1930ರ ದಶಕದ ನಡುವಿನಲ್ಲಿ ಆಕೆ ಇಂಥ ಒಂದು ಕೂಟವನ್ನು ಸಿದ್ಧಪಡಿಸಿದಾಗ ಅಂಗಡಿಯವರು ತಲೆಯಾಡಿಸಲಿಲ್ಲ. ಪೂರ್ತಿ ಜೊತೆಯನ್ನು ಕೊಳ್ಳುವ ರೂಢಿಯಿದ್ದ ಗಿರಾಕಿಗಳಿಗೆ ಬಿಡಿಬಿಡಿಯಾಗಿ ಮಾರುವುದು ಹೇಗೆಂಬುದು ಅವರ ಚಿಂತೆ. ಇಂದು ಅದೇ ಪದ್ಧತಿ ಲೋಕರೂಢಿಯಾಗಿದೆ.

ಮೊದಲ ದೊಡ್ಡ ಗೆಲವು ಬಂದದ್ದು 1938ರಲ್ಲಿ. ಗೆಲವಿನೊಡನೆಯೇ ನಾಶವೂ ಬಂತು. ವೇಷದ ಕೂಟವೊಂದಕ್ಕಾಗಿ ಆಕೆ ಅಲ್ಜೀರಿಯದ ನಿಲುವಂಗಿಯ ಮಾದರಿಯಲ್ಲಿ ಒಂದು ಉಡುಪನ್ನು ಹೊಲಿದುಕೊಂಡಿದ್ದಳು. ಅದನ್ನೇ ತಿದ್ದಿ ಒಂದು ಅಂಗಿ ಮಾಡಿದಳು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ನಡುವಿನ ಹೊಲಿಗೆಯಿಲ್ಲ. ಹೆಗಲಿನಿಂದ ನೇರವಾಗಿ ಇಳಿಬಿದ್ದ ಬಟ್ಟೆ. ನಡುಪಟ್ಟಿಯನ್ನು ಕಟ್ಟಿಕೊಂಡಾಗಲಷ್ಟೆ ಅದಕ್ಕೆ ತೊಟ್ಟವಳ ಆಕಾರ ಬರುವುದು. ಕ್ರೈಸ್ತ ಸಂನ್ಯಾಸಿಗಳ ನಿಲುವಂಗಿಯನ್ನು ನೆನಪಿಗೆ ತರುತ್ತಿದ್ದ ಇದಕ್ಕೆ ‘ಮೊನಾಸ್ಟಿಕ್’ ಎಂಬ ಹೆಸರು ಬಿತ್ತು. ತೂಗುಹಾಕಿದಾಗ ಚೀಲದಂತೆ ಕಾಣುತ್ತಿದ್ದ ಈ ಅಂಗಿಯನ್ನು ಬೆಸ್ಟ್ ಅಂಡ್ ಕಂಪನಿ ಎಂಬ ಅಂಗಡಿ ಕೊಂಡು ಮಾರಿತು. ಅದು ನೋಡನೋಡುತ್ತಿದ್ದಂತೆ ಖರ್ಚಾಯಿತು. ಕೂಡಲೇ ನಗರದ ಉದ್ದಗಲಕ್ಕೂ ನಕಲುಗಳು ಹುಟ್ಟಿಕೊಂಡುವು.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಹೇಳಬೇಕು. ಪುಸ್ತಕ ಬರೆದವನಿಗೆ ಅದರ ಮೇಲೆ ಹಕ್ಕುಂಟು. ಅಂಗಿಯನ್ನು ಕಲ್ಪಿಸಿದವಳಿಗೆ ಅದರ ರೂಪದ ಮೇಲೆ ಅಮೆರಿಕದ ಕಾನೂನು ಹಕ್ಕು ಕೊಟ್ಟಿರಲಿಲ್ಲ. ನಕಲು ಮಾರುವ ಅಂಗಡಿಗಳನ್ನು ಬಹಿಷ್ಕರಿಸಲು ತಯಾರಕರು 1932ರಲ್ಲಿ ಸಂಘವೊಂದನ್ನು ಕಟ್ಟಿಕೊಂಡಿದ್ದರು. 1941ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಬಹಿಷ್ಕಾರವೇ ಕಾನೂನುಬಾಹಿರವೆಂದು ತೀರ್ಪಿತ್ತಿತು. ಆ ತೀರ್ಪಿಗೂ ಮೊದಲೇ ಟೌನ್ಲಿ ಸಂಸ್ಥೆ ಮೊನಾಸ್ಟಿಕ್ಕಿನ ನಕಲುಕಾರರೊಡನೆ ಹೋರಾಡಿ ಹೋರಾಡಿ ಬಸವಳಿದು ಬಾಗಿಲು ಹಾಕಿತ್ತು. ಪ್ಯಾರಿಸ್ಸನ್ನು ನಕಲು ಮಾಡಿ ಬದುಕಿದ ಉದ್ಯಮವೊಂದರಲ್ಲಿ ಮೊದಲ ಬಾರಿಗೆ ಸ್ವಂತದ್ದೆನ್ನುವಂಥದನ್ನು ಮಾಡಿದವಳಿಗೆ ದೊರೆತ ಬಹುಮಾನ ಇದು. ಆಕೆಯ ಕಲ್ಪನೆ ಸಾವಿರಾರು ಮೈಗಳ ಮೇಲೆ ಓಡಾಡುತ್ತಿತ್ತು, ಆಕೆಗೆ ಕೆಲಸವಿರಲಿಲ್ಲ!

ಹ್ಯಾಟಿ ಕಾರ್ನೆಗಿ ಎಂಬ ಸಿರಿವಂತರ ಉಡುಪುಮನೆಯಲ್ಲಿ ಕೆಲವು ಕಾಲ ದುಡಿದಳು. ಅಲ್ಲಿನ ಗಿರಾಕಿಗಳಿಗೆ ಆಕೆಯ ಬಟ್ಟೆ ತೀರ ಸರಳವೆನಿಸಿತು. ಅಷ್ಟರಲ್ಲಿ ಅಡಾಲ್ಫ್ ಕ್ಲೈನ್ ಎಂಬಾತ 1940ರಲ್ಲಿ ಟೌನ್ಲಿ ಸಂಸ್ಥೆಯನ್ನು ಮತ್ತೆ ತೆರೆದು ಆಕೆಯನ್ನು ಕರೆದ. ಈ ಸಲ ಉಡುಪಿನ ಒಳಗೆ ಹೊಲಿಯುವ ಚೀಟಿಯ ಮೇಲೆ ಆಕೆಯ ಹೆಸರೂ ಇತ್ತು. ಅದು ಸಣ್ಣ ವಿಷಯವಲ್ಲ. ಅಮೆರಿಕದ ಕಾರ್ಖಾನೆಗಳ ವಿನ್ಯಾಸಕರು ಅಲ್ಲಿಯವರೆಗೆ ಹಿಂದಿನ ಕೋಣೆಯ ಅನಾಮಿಕರು; ಚೀಟಿಯ ಮೇಲೆ ಕಾರ್ಖಾನೆಯ ಹೆಸರೋ ಅಂಗಡಿಯ ಹೆಸರೋ ಇರುತ್ತಿತ್ತು. ಹೀಗೆ ತಮ್ಮ ಹೆಸರನ್ನು ಮೊದಲು ಪಡೆದ ಕೆಲವೇ ಮಂದಿಯಲ್ಲಿ ಮೆಕಾರ್ಡೆಲ್ ಒಬ್ಬಳು.

ಅದೇ ವರ್ಷ ಜೂನ್ ತಿಂಗಳಲ್ಲಿ ಜರ್ಮನಿಯ ಸೇನೆ ಪ್ಯಾರಿಸ್ಸನ್ನು ಹಿಡಿದುಕೊಂಡಿತು. ನಕಲು ತೆಗೆಯಲು ಮೂಲವೇ ಇಲ್ಲದಂತಾಗಿ ನ್ಯೂಯಾರ್ಕ್ ತನ್ನ ಕಾಲಮೇಲೆ ತಾನು ನಿಲ್ಲಬೇಕಾಯಿತು. 1942ರಲ್ಲಿ ಸರಕಾರದ ಎಲ್-85 ಎಂಬ ಆಜ್ಞೆ ಬಂದು, ಲಂಗದ ಸುತ್ತಳತೆಗೂ ಮಡಿಕೆಗೂ ಮಿತಿ ಹಾಕಿತು. ಇತರರಿಗೆ ಸಂಕಟವಾದ ಈ ಕಟ್ಟಳೆ ಮೊದಲೇ ಮಿತವ್ಯಯದ ದಾರಿಯಲ್ಲಿದ್ದ ಆಕೆಗೆ ಹಿತವಾಗಿಯೇ ಒದಗಿತು. ಚರ್ಮಕ್ಕೆ ಅಭಾವ ಬಂದು ಪಾದರಕ್ಷೆಗೆ ರೇಷನ್ ಆದಾಗ ನೃತ್ಯದ ಮೆತ್ತನೆಯ ಚಪ್ಪಟೆ ಪಾದುಕೆಗಳು ಆ ಕಟ್ಟಿಗೆ ಒಳಪಟ್ಟಿರಲಿಲ್ಲ. ಕಪೀಜಿಯೋ ಎಂಬ ನೃತ್ಯಪಾದುಕೆಯ ಸಂಸ್ಥೆಯಿಂದ ತನ್ನ ಉಡುಪುಗಳಿಗೆ ಹೊಂದುವ ಬಟ್ಟೆಯಲ್ಲೇ ಆಕೆ ಅವನ್ನು ಮಾಡಿಸಿದಳು. ರಂಗಮಂದಿರದ ಪಾದುಕೆ ಹೀಗೆ ಬೀದಿಗಿಳಿಯಿತು. ಎತ್ತರದ ಹಿಮ್ಮಡಿಯಿಲ್ಲದ ಆ ಪಾದರಕ್ಷೆಗಳನ್ನು ಇಂದು ನಮ್ಮ ಕಾಲೇಜು ಹುಡುಗಿಯರ ಕಾಲಲ್ಲೂ ಕಾಣಬಹುದು.

ಆ ವರ್ಷವೇ ಆಕೆಯ ಬಹು ಪ್ರಸಿದ್ಧವಾದ ಕೃತಿ ಬಂತು. ಮನೆಗೆಲಸದವರು ಯುದ್ಧದ ಕಾರ್ಖಾನೆಗಳಿಗೆ ಹೊರಟುಹೋಗಿದ್ದರು. ಎಂದೂ ಪೊರಕೆ ಹಿಡಿಯದಿದ್ದ ಗೃಹಿಣಿಯರು ಅಡಿಗೆ, ಕಸ, ಮುಸುರೆಗಳನ್ನು ತಾವೇ ನೋಡಿಕೊಳ್ಳಬೇಕಾಯಿತು. ಅವರಿಗೊಂದು ಉಡುಪು ಬೇಕೆಂದು ‘ಹಾರ್ಪರ್ಸ್ ಬಜಾರ್’ ಪತ್ರಿಕೆಯವರು ಕೇಳಿದರು. ಆಕೆ ಕೊಟ್ಟದ್ದು ‘ಪಾಪ್‌ಓವರ್’. ಡೆನಿಮ್ ಬಟ್ಟೆಯ, ಮೈಗೆ ಸುತ್ತಿ ಕಟ್ಟಿಕೊಳ್ಳುವ ಸಡಿಲವಾದ ಅಂಗಿ. ಪಕ್ಕದಲ್ಲಿ ದೊಡ್ಡ ಜೇಬು. ಜೊತೆಗೆ, ನಮ್ಮ ಅಡಿಗೆಮನೆಯ ಮಸಿಬಟ್ಟೆಯ ಕೆಲಸಕ್ಕೆಂದು, ಬಿಸಿ ಪಾತ್ರೆ ಹಿಡಿಯುವ ದಪ್ಪನೆಯ ಕೈಗವಸು. ಬೆಲೆ ಆರು ಡಾಲರ್ ತೊಂಬತ್ತೈದು ಸೆಂಟು. ಮೊದಲ ಋತುವಿನಲ್ಲೇ 75,000 ಮಾರಿದುವು. ಒಲೆಯ ಮುಂದೆ ನಿಂತವಳು ಬಾಗಿಲು ತಟ್ಟಿದ ಅತಿಥಿಯನ್ನು ಬಟ್ಟೆ ಬದಲಿಸದೆ ಎದುರುಗೊಳ್ಳಬಹುದಾಗಿತ್ತು. ದುಡಿಯುವವಳಿಗೂ ಮನೆಯೊಡತಿಗೂ ಬೇರೆ ಬೇರೆ ಬಟ್ಟೆ ಎಂಬ ಹಳೆಯ ಗೆರೆ ಅಷ್ಟರಮಟ್ಟಿಗೆ ಅಳಿಸಿತು.

ಆಕೆ ಆರಿಸಿಕೊಂಡ ಬಟ್ಟೆಗಳ ಹೆಸರುಗಳು ಭಾಷೆಯ ವಿದ್ಯಾರ್ಥಿಗೆ ಹಬ್ಬದೂಟದಂತಿವೆ. ರೇಷ್ಮೆ, ಮಖಮಲ್ಲುಗಳನ್ನು ಬದಿಗಿಟ್ಟು ಆಕೆ ಕೈಗೆತ್ತಿಕೊಂಡದ್ದು ಕೂಲಿಯವರ ಡೆನಿಮ್, ಹಾಸಿಗೆ ಹೊಲಿಯುವ ಪಟ್ಟೆಪಟ್ಟೆಯ ದಪ್ಪ ಬಟ್ಟೆ, ಉಣ್ಣೆಯ ಜೆರ್ಸಿ, ಕ್ಯಾಲಿಕೋ, ಸೀರ್‌ಸಕ್ಕರ್. ಈ ಕ್ಯಾಲಿಕೋ ಎಂಬುದು ನಮ್ಮ ನೆರೆಯ ಕಲ್ಲಿಕೋಟೆಯ ಹೆಸರಿನಿಂದ ಹುಟ್ಟಿದ ಶಬ್ದ. ಆ ಬಂದರಿನಿಂದ ಹೊರಟ ಹತ್ತಿಬಟ್ಟೆಯನ್ನು ಯೂರೋಪಿನವರು ಊರ ಹೆಸರಿನಿಂದಲೇ ಕರೆದರು. ಡೆನಿಮ್ಮಿನ ಸೋದರಿಯಾದ ಡಂಗರಿಯ ಮೂಲ ಮುಂಬಯಿಯ ಡೋಂಗ್ರಿ. ಸೀರ್‌ಸಕ್ಕರ್ ಎಂಬುದು ಪಾರಸಿಯ ‘ಶೀರ್-ಒ-ಶಕ್ಕರ್’, ಎಂದರೆ ಹಾಲುಸಕ್ಕರೆ. ನುಣುಪೂ ಸುಕ್ಕೂ ಸಾಲುಸಾಲಾಗಿ ಬರುವ ಆ ನೇಯ್ಗೆಗೆ ಇಂಡಿಯದಲ್ಲಿ ಬಿದ್ದ ಹೆಸರು ಸಮುದ್ರ ದಾಟಿ ರೂಪಗೆಟ್ಟು ಉಳಿಯಿತು. ನಮ್ಮ ನೇಯ್ಗೆಕಾರರ ಹೆಸರುಗಳು ಎಲ್ಲಿಯೂ ಉಳಿಯಲಿಲ್ಲ, ಅವರ ಊರಿನ ಹೆಸರು ಬಟ್ಟೆಯಲ್ಲಿ ಉಳಿಯಿತು. ಮೆಕಾರ್ಡೆಲ್ಲಳ ಕಥೆಗೆ ಇದು ತಕ್ಕ ಹಿನ್ನೆಲೆಯೇ.

ಆಕೆಯ ಹೊಲಿಗೆಯ ಎರಡು ವಿವರಗಳನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ಮೊದಲನೆಯದು ಹುಕ್ಕು ಗುಂಡಿಗಳ ಸ್ಥಾನ. ಆ ಕಾಲದ ಉಡುಪುಗಳನ್ನು ಬೆನ್ನಿನ ಕಡೆ ಮುಚ್ಚಬೇಕಾಗಿತ್ತು. ಎಂದರೆ ಪತಿಯೋ ದಾಸಿಯೋ ಹಿಂದೆ ನಿಂತಿರಬೇಕು. ನಗರದಲ್ಲಿ ಒಂಟಿಯಾಗಿ ಬಾಳುತ್ತಿದ್ದ ಆಕೆ ಹುಕ್ಕು, ಜಿಪ್ಪುಗಳನ್ನು ಕೈಗೆಟಕುವ ಪಕ್ಕಕ್ಕೆ, ಮುಂದಕ್ಕೆ ತಂದಳು. ಹಿತ್ತಾಳೆಯ ದೊಡ್ಡ ಹುಕ್ಕುಗಳನ್ನು ಬಚ್ಚಿಡದೆ ಅಲಂಕಾರವಾಗಿಯೇ ತೋರಿಸಿದಳು. ಎರಡನೆಯದು ಜೇಬು. ತಮ್ಮಂದಿರ ಬಟ್ಟೆಗಳಲ್ಲಿ ಬಾಲ್ಯದಿಂದಲೂ ಆಕೆ ಕಂಡಿದ್ದ ಜೇಬು ಹೆಂಗಸರ ಉಡುಪಿನಲ್ಲಿ ಇರಲೇ ಇಲ್ಲವೆನ್ನಬೇಕು. ಸೆರಗಿನ ತುದಿಗೆ ಕಾಸು ಗಂಟುಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಬದುಕಿದ ನಮ್ಮ ತಾಯಂದಿರಿಗೆ ಈ ಕೊರತೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಆಕೆ ಸಂಜೆಯ ಕೂಟದ ಉಡುಪಿಗೂ ಜೇಬಿಟ್ಟಳು. ದುಡ್ಡಿಗೆ ಜಾಗವಾಯಿತು, ಅದಕ್ಕಿಂತ ಹೆಚ್ಚಾಗಿ, ನಾಲ್ಕು ಜನರ ನಡುವೆ ನಿಂತವಳ ಕೈಗಳಿಗೆ ನೆಮ್ಮದಿಯ ಒಂದು ನೆಲೆಯಾಯಿತು.

ಯುದ್ಧ ಮುಗಿದು 1947ರಲ್ಲಿ ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ತನ್ನ ‘ನ್ಯೂ ಲುಕ್’ ಅನ್ನು ಹೊರತಂದ. ಬಿಗಿದ ನಡು, ಗಜಗಟ್ಟಲೆ ಬಟ್ಟೆಯ ಲಂಗ, ಒಳಗೆ ಮತ್ತೆ ಹಳೆಯ ಬಿಗಿಪಟ್ಟಿಗಳು. ಕೊರತೆಯಲ್ಲಿ ಬಳಲಿದ್ದ ಲೋಕ ಆ ವೈಭವಕ್ಕೆ ಮಾರುಹೋಯಿತು. ಮೆಕಾರ್ಡೆಲ್ ಅಗಲವಾದ ಲಂಗಗಳನ್ನು ತಾನೂ ಮಾಡಿದಳು. ಬಿಗಿಪಟ್ಟಿಯನ್ನು ಮಾತ್ರ ಒಪ್ಪಲಿಲ್ಲ. ಉದ್ದನೆಯ ದಾರಗಳನ್ನು ಕೊಟ್ಟು, ಎಷ್ಟು ಬಿಗಿಯಬೇಕೆಂಬುದನ್ನು ತೊಟ್ಟವಳಿಗೇ ಬಿಟ್ಟಳು. ಇಬ್ಬರ ಭೇದವನ್ನು ಈ ಒಂದು ದಾರದಲ್ಲಿ ಕಾಣಬಹುದು.

ಆದರೂ ಒಂದು ಮಾತನ್ನು ಮರೆಮಾಚಬಾರದು. ಎಲ್ಲರಿಗೂ ಎಟಕುವ ಬೆಲೆಯ ಉಡುಪು ಯಂತ್ರದ ಮುಂದೆ ಬಾಗಿ ಕುಳಿತ ಅಸಂಖ್ಯ ಹೆಂಗಸರ ದುಡಿಮೆಯಿಂದ ಆದದ್ದು. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಹದಿಹರೆಯದ, ಎಳೆವಯಸ್ಸಿನ ಹೆಣ್ಣುಮಕ್ಕಳು. ಆಮೇಲಿನ ದಶಕಗಳಲ್ಲಿ ಕಾನೂನುಗಳೂ ಕಾರ್ಮಿಕ ಸಂಘಗಳೂ ಅವರ ಪಾಡನ್ನು ಎಷ್ಟೋ ತಿದ್ದಿದುವು ನಿಜ. ವಿನ್ಯಾಸಕಿಯ ಹೆಸರು ಚೀಟಿಗೆ ಬಂದ ಕಾಲದಲ್ಲೂ ಆ ಚೀಟಿಯನ್ನು ಹೊಲಿದವಳ ಹೆಸರು ಬರಲಿಲ್ಲ.

ಮನ್ನಣೆಗೆ ಕೊರತೆಯಾಗಲಿಲ್ಲ. 1950ರಲ್ಲಿ ರಾಷ್ಟ್ರಾಧ್ಯಕ್ಷ ಟ್ರೂಮನ್‌ನ ಕೈಯಿಂದ ಪ್ರಶಸ್ತಿ ಪಡೆದಳು. 1955ರ ಮೇ ತಿಂಗಳಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂತು. ಅದೇ ವರ್ಷ ಪಿಕಾಸೊ, ಶಗಾಲ್, ಮೀರೋ ಮುಂತಾದ ಮಹಾಕಲಾವಿದರ ಚಿತ್ರವಿನ್ಯಾಸಗಳಿದ್ದ ಬಟ್ಟೆಗಳಿಂದ ಉಡುಪುಗಳನ್ನು ರಚಿಸಿದಳು. 1956ರಲ್ಲಿ ‘ವಾಟ್ ಶಲ್ ಐ ವೇರ್?’ ಎಂಬ ಆಕೆಯ ಪುಸ್ತಕ ಹೊರಬಂತು. ಅಷ್ಟರಲ್ಲೇ ಕ್ಯಾನ್ಸರ್ ರೋಗ ಆಕೆಯನ್ನು ಹಿಡಿಯಿತು. ಕೊನೆಯ ಉಡುಪುಸಾಲನ್ನು ಓದಿನ ದಿನಗಳ ಗೆಳತಿ ಮಿಲ್ಡ್ರೆಡ್ ಓರಿಕ್‌ಳ ನೆರವಿನಿಂದ ಆಸ್ಪತ್ರೆಯ ಹಾಸಿಗೆಯಲ್ಲೇ ಮುಗಿಸಿದಳು. 1958ರ ಮಾರ್ಚ್ 22ರಂದು, ಐವತ್ತೆರಡರ ವಯಸ್ಸಿನಲ್ಲಿ, ತೀರಿಕೊಂಡಳು.

ಅದಕ್ಕೆ ಐದು ತಿಂಗಳು ಮುಂಚೆ, 1957ರ ಅಕ್ಟೋಬರಿನಲ್ಲಿ, ಡಿಯೋರ್ ಕೂಡ ಐವತ್ತೆರಡರಲ್ಲೇ ತೀರಿಕೊಂಡಿದ್ದ. ಈ ಎರಡು ಸಾವುಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. ಡಿಯೋರ್‌ನ ಗದ್ದುಗೆಗೆ ಇಪ್ಪತ್ತೊಂದರ ಈವ್ ಸಾಂ ಲೋರಾಂ ಬಂದ. ಅವನ ಬಳಿಕ ಮತ್ತೊಬ್ಬ. ಆ ಹೆಸರು ಇಂದು ಸುಗಂಧದ ಸೀಸೆಯ ಮೇಲೂ ಕನ್ನಡಕದ ಮೇಲೂ ಲೋಕವೆಲ್ಲ ತಿರುಗುತ್ತಿದೆ. ಮೆಕಾರ್ಡೆಲ್ಲಳ ಮನೆಯವರು ಆಕೆಯಿಲ್ಲದೆ ಆಕೆಯ ಹೆಸರು ಮುಂದುವರಿಯಬಾರದೆಂದು ನಿಶ್ಚಯಿಸಿದರು. ಆ ಚೀಟಿ ನಿಂತುಹೋಯಿತು. ಅಂದಿನ ‘ನ್ಯೂ ಲುಕ್’ ಉಡುಪನ್ನು ತೊಟ್ಟು ಇಂದು ಯಾರೂ ಕಚೇರಿಗೆ ಹೋಗುವುದಿಲ್ಲ. ಅದನ್ನು ನೋಡಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಸುತ್ತುವ ಅಂಗಿ, ಬಿಡಿ ಉಡುಪು, ಡೆನಿಮ್, ಚಪ್ಪಟೆ ಪಾದರಕ್ಷೆ, ಪಕ್ಕದ ಜೇಬು ಎಲ್ಲರ ಸೊತ್ತಾಗಿವೆ. ಒಬ್ಬನ ಹೆಸರು ಉಳಿಯಿತು, ಒಬ್ಬಳ ಬಟ್ಟೆ ಉಳಿಯಿತು.

ಬಹುಕಾಲದ ಮೇಲೆ ಹೆಸರೂ ತುಸು ಎಚ್ಚತ್ತಿದೆ. 1990ರಲ್ಲಿ ‘ಲೈಫ್’ ಪತ್ರಿಕೆ ಇಪ್ಪತ್ತನೆಯ ಶತಮಾನದ ನೂರು ಮುಖ್ಯ ಅಮೆರಿಕನ್ನರ ಪಟ್ಟಿಯಲ್ಲಿ ಆಕೆಯನ್ನು ಸೇರಿಸಿತು. 1998ರಲ್ಲಿ ನ್ಯೂಯಾರ್ಕಿನಲ್ಲಿ ಆಕೆಯ ಉಡುಪುಗಳ ಪ್ರದರ್ಶನ ನಡೆಯಿತು. 2021ರಲ್ಲಿ ಹುಟ್ಟೂರಾದ ಫ್ರೆಡರಿಕ್ಕಿನ ಕಲಾಸಂಘದವರು ಆಕೆಯ ಕಂಚಿನ ಪ್ರತಿಮೆ ನಿಲ್ಲಿಸಿದರು; 2025ರಲ್ಲಿ ಎಲಿಜಬೆತ್ ಎವಿಟ್ಸ್ ಡಿಕಿನ್‌ಸನ್ ಬರೆದ ಆಕೆಯ ಜೀವನಚರಿತ್ರೆ ಪ್ರಕಟವಾಯಿತು.

ಕರ್ತೃವಿನ ಹೆಸರು ಕಳೆದುಹೋಗಿ ಕೃತಿ ಜನರ ಬಾಯಲ್ಲಿ ಉಳಿಯುವುದು ಶ್ರೇಷ್ಠ ಪದವಿಯೆಂದು ಸಾಹಿತ್ಯದವರಾದ ನಾವು ಹೇಳುವುದುಂಟು. ಗಾದೆಯನ್ನು ಕಟ್ಟಿದವನಾರು, ಬೀಸುವ ಕಲ್ಲಿನ ಪದವನ್ನು ಮೊದಲು ಹಾಡಿದವಳಾರು? ಬಲ್ಲವರಿಲ್ಲ; ಆದರೂ ಅವು ನಮ್ಮವು. ಈ ಸಮಾಧಾನ ಚೆಲುವಾದದ್ದೇ. ಮೆಕಾರ್ಡೆಲ್ಲಳ ಬಾಳನ್ನು ಓದಿದ ಮೇಲೆ ನನಗೆ ಅದು ಸಾಲದೆನಿಸುತ್ತದೆ. ಹೆಸರಿಲ್ಲದೆ ಇರುವುದನ್ನು ಆಕೆ ತಾನಾಗಿ ಆರಿಸಿಕೊಳ್ಳಲಿಲ್ಲ. ನಕಲುಕಾರರಿಂದ ಕೆಲಸ ಕಳೆದುಕೊಂಡವಳು, ಒಂದು ಸಣ್ಣ ಚೀಟಿಯ ಮೇಲೆ ಹೆಸರು ಬರೆಸಲು ಹತ್ತು ವರ್ಷ ದುಡಿದವಳು. ಅಂಥವಳ ಹೆಸರು ಕಾಲದಲ್ಲಿ ಕರಗಿದ್ದನ್ನು ತ್ಯಾಗವೆಂದು ಹೊಗಳುವುದು ಪಡೆದವರಿಗೆ ಸುಲಭ. ಬಳಸಿದ್ದರಿಂದ ಋಣದ ಅರ್ಧ ತೀರುತ್ತದೆ. ಯಾರಿಂದ ಬಂತೆಂದು ನೆನೆದಾಗ ಉಳಿದರ್ಧ. ಇನ್ನು ಮುಂದೆ ಯಾವಳಾದರೂ ಹುಡುಗಿ ಜೇಬಿನಲ್ಲಿ ಕೈಯಿಟ್ಟು ನಿರಾತಂಕವಾಗಿ ನಡೆದುಹೋಗುವುದನ್ನು ಕಂಡಾಗ, ಆ ಜೇಬಿಗಾಗಿ ಯೋಚಿಸಿದವಳೊಬ್ಬಳಿದ್ದಳು, ಆಕೆಯ ಹೆಸರು ಕ್ಲೇರ್ ಮೆಕಾರ್ಡೆಲ್ ಎಂಬುದು ನಮ್ಮ ನೆನಪಿನಲ್ಲಿರಲಿ.